ತಪ್ಪೆಂದು ತೋರಿಸಬಹುದಾದ ಮಾತು

ಕಲ್ಯಾಣ್ ಜಂಕ್ಷನ್ನಿನ ಪ್ಲ್ಯಾಟ್‌ಫಾರ್ಮುಗಳ ಮೇಲೆ ತೂಗುವ ಇಂಡಿಕೇಟರಿನಲ್ಲಿ ಪೂರ್ಣ ವಾಕ್ಯವೇ ಇರುವುದಿಲ್ಲ. ಒಂದೆರಡು ಅಕ್ಷರ, ಒಂದು ಸಮಯ, ಫಾಸ್ಟೋ ಸ್ಲೋವೋ ಎಂಬ ಗುರುತು, ಡಬ್ಬಿಗಳು ಹನ್ನೆರಡೋ ಹದಿನೈದೋ ಎಂಬ ಅಂಕಿ, ಅಷ್ಟೇ. ಕಸಾರಾ ಕಡೆಯ ಗಾಡಿಗೆ ‘ಎನ್’, ಕರ್ಜತ್ ಕಡೆಯದಕ್ಕೆ ‘ಎಸ್’. ಕಲ್ಯಾಣದಲ್ಲಿ ಹಳಿ ಈಶಾನ್ಯಕ್ಕೊಂದು, ಆಗ್ನೇಯಕ್ಕೊಂದು ಕವಲಾಗುತ್ತದೆಂದು ಅರಿಯದ ಹೊಸಬನಿಗೆ ಈ ಅಕ್ಷರಗಳು ಒಗಟು. ಅದೇ ನಿಲ್ದಾಣದ ಧ್ವನಿವರ್ಧಕದಿಂದ ಮಳೆಗಾಲದಲ್ಲಿ ಬೇರೊಂದು ಬಗೆಯ ಮಾತು ಕೇಳಿಬರುತ್ತದೆ: ತಾಂತ್ರಿಕ ಕಾರಣಗಳಿಂದ ಗಾಡಿಗಳು ತಡವಾಗಿ ಓಡುತ್ತಿವೆ, ಪ್ರಯಾಣಿಕರಿಗಾದ ಅನಾನುಕೂಲಕ್ಕೆ ವಿಷಾದವಿದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ, ಒಂದೂ ಕಠಿಣ ಪದವಿರುವುದಿಲ್ಲ. ಆದರೆ ಕೇಳಿದವನಿಗೆ ತಾನು ಕಾಯಬೇಕೋ, ರಿಕ್ಷಾ ಹಿಡಿಯಬೇಕೋ, ಕಚೇರಿಗೆ ಫೋನ್ ಮಾಡಿ ರಜೆ ಹೇಳಬೇಕೋ ತಿಳಿಯುವುದಿಲ್ಲ. ಸರಳವಾದದ್ದೇ ಸ್ಪಷ್ಟ ಎಂಬ ನಮ್ಮ ರೂಢಿಯ ಲೆಕ್ಕದಲ್ಲಿ ಇಲ್ಲಿ ಧ್ವನಿವರ್ಧಕ ಗೆಲ್ಲಬೇಕಿತ್ತು. ಪ್ರಯಾಣಿಕ ಮಾತ್ರ ಇಂಡಿಕೇಟರನ್ನು ನೋಡಿ ಸೇತುವೆ ಹತ್ತಿ ಓಡುತ್ತಾನೆ.

ಈ ಎರಡು ಮಾತುಗಳ ನಡುವಿನ ವ್ಯತ್ಯಾಸವಿರುವುದು ಹೊಣೆಯಲ್ಲಿ. ಫಲಕದಲ್ಲಿ 8.14 ಎಂದು ಕಾಣಿಸಿದ ಮೇಲೆ ಗಾಡಿ 8.14ಕ್ಕೆ ಬಾರದಿದ್ದರೆ ಫಲಕ ತಪ್ಪಿತು ಎಂದು ಅಲ್ಲಿ ನಿಂತ ಯಾರು ಬೇಕಾದರೂ ಹೇಳಬಲ್ಲರು. ‘ತಾಂತ್ರಿಕ ಕಾರಣ’ ಎಂದವನನ್ನು ಹಾಗೆ ಹಿಡಿಯಲು ಯಾರಿಗೂ ಸಾಧ್ಯವಿಲ್ಲ, ಏನು ನಡೆದರೂ ಆ ಮಾತು ನಿಜವೇ ಆಗಿ ಉಳಿಯುತ್ತದೆ. ತಪ್ಪೆಂದು ತೋರಿಸಲು ದಾರಿ ಬಿಟ್ಟುಕೊಡುವ ಮಾತೇ ಸ್ಪಷ್ಟ ಮಾತು ಎಂಬುದು ನನ್ನ ವಾದ. ವಿಜ್ಞಾನದ ಹೇಳಿಕೆಯನ್ನು ಉಳಿದ ಹೇಳಿಕೆಗಳಿಂದ ಬೇರ್ಪಡಿಸಲು ಕಾರ್ಲ್ ಪಾಪರ್ ತಮ್ಮ 1934ರ ಗ್ರಂಥದಲ್ಲಿ ಇಂಥದೇ ಗೆರೆ ಎಳೆದಿದ್ದರು. ಆ ಗೆರೆ ಪ್ರಯೋಗಾಲಯಕ್ಕಿಂತ ಹೆಚ್ಚು ಬೇಕಾಗಿರುವುದು ಮನೆ ಕೊಳ್ಳುವವರಿಗೆ, ತೆರಿಗೆ ಕಟ್ಟುವವರಿಗೆ, ಕಾರ್ಖಾನೆಯ ಪಕ್ಕದಲ್ಲಿ ಮಲಗುವವರಿಗೆ. ಸರ್ಕಾರಿ ಕಾಗದಪತ್ರ ಸರಳ ಭಾಷೆಯಲ್ಲಿರಬೇಕೆಂದು ಅಮೆರಿಕ 2010ರಲ್ಲಿ ಕಾಯಿದೆಯನ್ನೇ ಮಾಡಿತು. ಒಳ್ಳೆಯ ಕೆಲಸ. ಆದರೆ ಎಲ್ಲರಿಗೂ ಅರ್ಥವಾಗುವ ಪದಗಳಲ್ಲಿ ಏನನ್ನೂ ಹೇಳದೆ ಇರಲು ಸಾಧ್ಯವಿದೆ ಎಂಬುದಕ್ಕೆ ನಮ್ಮ ಧ್ವನಿವರ್ಧಕವೇ ಸಾಕ್ಷಿ. ಯೋಚನೆಯ ವಿಷಯವೂ ಹೀಗೆಯೇ. ಮನಸ್ಸಿನಲ್ಲಿ ಎಲ್ಲ ಸ್ಪಷ್ಟವಾಗಿದೆ, ಹೇಳಲು ಮಾತ್ರ ಬರುತ್ತಿಲ್ಲ ಎನ್ನುವವರಿದ್ದಾರೆ. ಯಾರು, ಎಷ್ಟು, ಎಂದು, ಎಲ್ಲಿ ಎಂಬ ಜಾಗಗಳನ್ನು ತುಂಬಿ ಹೇಳಿ ಎಂದು ಕೂರಿಸಿದರೆ ಹೆಚ್ಚಿನ ಸಲ ಕೊರತೆ ಕಾಣುವುದು ಶಬ್ದಭಂಡಾರದಲ್ಲಲ್ಲ, ಅವರಿನ್ನೂ ತೀರ್ಮಾನಿಸದೆ ಬಿಟ್ಟ ಸಂಗತಿಗಳಲ್ಲಿ.

ಕಲ್ಯಾಣ್, ಥಾಣೆ ಸುತ್ತಲಿನ ಊರುಗಳ ಜನಕ್ಕೆ ಅಸ್ಪಷ್ಟತೆಯ ಬೆಲೆ ಚದರಡಿಯ ಲೆಕ್ಕದಲ್ಲೇ ಗೊತ್ತು. ಥಾಣೆಯ ಘೋಡಬಂದರ್ ರಸ್ತೆ, ಡೊಂಬಿವಲಿ ಪೂರ್ವ, ಕಲ್ಯಾಣ್ ಪಶ್ಚಿಮ, ಖಾರ್ಘರ್ ಎಂದು ಮನೆ ಹುಡುಕಿ ಅಲೆದವರೆಲ್ಲ ‘ಸೂಪರ್ ಬಿಲ್ಟ್-ಅಪ್’ ಎಂಬ ಅಳತೆಯನ್ನು ಕೇಳಿಯೇ ಇರುತ್ತಾರೆ. ಮೆಟ್ಟಿಲು, ಲಿಫ್ಟು, ಲಾಬಿಗಳಲ್ಲಿ ಕೊಳ್ಳುವವನ ಪಾಲೆಷ್ಟು ಎಂಬುದನ್ನು ಬಿಲ್ಡರ್ ತನಗೆ ತೋಚಿದ ಪ್ರಮಾಣದಲ್ಲಿ ಸೇರಿಸುತ್ತಿದ್ದ. ಆ ಅಂಕಿ ಸುಳ್ಳೆಂದು ಸಾಧಿಸುವ ಬಗೆಯಿರಲಿಲ್ಲ, ಏಕೆಂದರೆ ಅದು ಯಾವುದರ ಅಳತೆ ಎಂಬುದೇ ನಿಗದಿಯಾಗಿರಲಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆ (ರೇರಾ) ಕಾರ್ಪೆಟ್ ಏರಿಯಾ ಎಂದರೇನು ಎಂದು ಬರೆದಿಟ್ಟಿತು: ಬಳಸಲು ಸಿಗುವ ನೆಲ, ಅದರಲ್ಲಿ ಹೊರಗೋಡೆಗಳ ಜಾಗ ಬಾರದು, ಸರ್ವಿಸ್ ಶಾಫ್ಟ್ ಬಾರದು, ಬಾಲ್ಕನಿ ಮತ್ತು ತೆರೆದ ತಾರಸಿ ಬಾರದು, ಒಳಗಿನ ಅಡ್ಡಗೋಡೆಗಳ ಜಾಗ ಬರುತ್ತದೆ. ಈ ವ್ಯಾಖ್ಯೆ ಓದಲು ಸುಲಭವಾಗೇನೂ ಇಲ್ಲ, ವಕೀಲರ ಭಾಷೆಯದು. ಆದರೂ ಅದು ಬಂದ ಮೇಲೆ ಒಂದು ಅಳತೆ ಪಟ್ಟಿ ಹಿಡಿದ ಸಂಸಾರಸ್ಥ ತನ್ನ ಮನೆಯನ್ನು ತಾನೇ ಅಳೆದು, ಕರಾರಿನಲ್ಲಿ ಬರೆದದ್ದು ಸುಳ್ಳು ಎಂದು ಹೇಳಬಲ್ಲವನಾದ. ಕಾನೂನಿನ ಭಾಷೆ ತೊಡಕಾಗಿರುತ್ತದೆ, ಆದ್ದರಿಂದ ಅಸ್ಪಷ್ಟ ಎಂಬ ದೂರಿಗೆ ನನ್ನ ಉತ್ತರವೂ ಇಲ್ಲೇ ಇದೆ. ತೊಡಕಿನ ವಾಕ್ಯವನ್ನು ಎರಡು ಸಲ ಓದಿ, ತಿಳಿದವರನ್ನು ಕೇಳಿ ಬಿಡಿಸಿಕೊಳ್ಳಬಹುದು. ಒಳಗೆ ಏನೂ ಇಲ್ಲದ ವಾಕ್ಯವನ್ನು ಎಷ್ಟು ಬಿಡಿಸಿದರೂ ಏನೂ ಸಿಗದು. ‘ಸ್ವಂತ’ ಎಂಬ ಸರಳ ಪದವೂ ಏನನ್ನೋ ಹೇಳದೆ ಬಿಡಬಲ್ಲದು: ನವಿಮುಂಬಯಿಯಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಜಮೀನನ್ನು ಕೊಟ್ಟದ್ದು 60 ವರ್ಷದ ಲೀಸ್ ಮೇಲೆ. ವಾಶಿಯಲ್ಲೋ ನೆರೂಳಿನಲ್ಲೋ ‘ಸ್ವಂತ ಮನೆ’ ಎನ್ನುವಾಗ ಈ ಅರವತ್ತರ ನೆನಪಿರುವವರು ಎಷ್ಟು ಮಂದಿ?

ಕನ್ನಡಿಗರಿಗೆ ಈ ಬಗೆಯ ಸ್ಪಷ್ಟತೆ ಹೊರಗಿನಿಂದ ಬಂದ ಪಾಠವಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ರಾಜನ ವಂಶ, ಪರಾಕ್ರಮ, ಬಿರುದಾವಳಿ ಬರುವಲ್ಲಿ ಭಾಷೆ ಮೆರವಣಿಗೆ ಹೊರಡುತ್ತದೆ, ಹಲವೆಡೆ ಸಂಸ್ಕೃತವೇ ಆಗುತ್ತದೆ. ದತ್ತಿಯ ಭೂಮಿ ಎಷ್ಟು, ಅದರ ಮೂಡಲಿಗೇನು, ತೆಂಕಲಿಗೇನು, ಪಡುವಲಿಗೇನು, ಬಡಗಲಿಗೇನು ಎನ್ನುವಲ್ಲಿಗೆ ಬಂದಾಗ ಮಾತು ನೆಲಕ್ಕಿಳಿಯುತ್ತದೆ: ಇಂಥ ಕೆರೆ, ಇಂಥ ಹಳ್ಳ, ನೆಟ್ಟ ಕಲ್ಲು. ಇಷ್ಟು ಮತ್ತರು ಎಂದು ಬರೆದು ನಿಲ್ಲಿಸದೆ, ಯಾವ ಕೋಲಿನಿಂದ ಅಳೆದ ಮತ್ತರು ಎಂದೂ ಹೇಳುವ ಶಾಸನಗಳಿವೆ. ಬನವಾಸಿ ಸೀಮೆಯಲ್ಲಿ ‘ಭೇರುಂಡ ಗಳೆ’ ಹಾಗೆ ಹೆಸರಾದ ಅಳತೆಗೋಲು. ಕೋಲಿನ ಹೆಸರು ಹೇಳದ ಮತ್ತರು ನಮ್ಮ ಕಾಲದ ಸೂಪರ್ ಬಿಲ್ಟ್-ಅಪ್‌ಗೆ ಸಮ ಎಂದು ಆ ಬರಹಗಾರರಿಗೆ ಗೊತ್ತಿತ್ತು. ಈ ಸಂಪ್ರದಾಯ ಥಾಣೆಗೆ ದೂರದ್ದೇನಲ್ಲ. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದೇ ಅಮೋಘವರ್ಷನಿಗೆ ಉತ್ತರ ಕೊಂಕಣದ ಶಿಲಾಹಾರರು, ಇತಿಹಾಸಕಾರರು ಥಾಣೆಯ ಶಿಲಾಹಾರರೆಂದೇ ಕರೆಯುವವರು, ಮಾಂಡಲಿಕರಾಗಿದ್ದರು. ಕಾನ್ಹೇರಿ ಗುಹೆಗಳಲ್ಲಿ ಅವರ ಕಾಲದ ಶಾಸನಗಳು ಅವನ ಹೆಸರನ್ನು ಹೇಳುತ್ತವೆ. ಅವುಗಳಲ್ಲಿ ಹಳೆಯದು ಶಕ 765ರದು, ಅಂದರೆ ಕ್ರಿ.ಶ. 843ರ ಆಸುಪಾಸಿನದು. ಬೌದ್ಧ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ವಿಹಾರದ ದುರಸ್ತಿಗೆ ಎಂದು ದತ್ತಿಯ ಉದ್ದೇಶವನ್ನು ಬಿಡಿಸಿ ಬರೆಯುವ ರೀತಿ ಅಲ್ಲೂ ಇದೆ. ಕವಿರಾಜಮಾರ್ಗವಾದರೂ ತನ್ನ ಮೊದಲ ಪರಿಚ್ಛೇದವನ್ನೇ ಮಾತಿನ ದೋಷಗಳ ವಿಚಾರಕ್ಕೆ ಮೀಸಲಿಟ್ಟ ಗ್ರಂಥ. ಚೆಲುವಿನ ಮಾತು ಆಮೇಲೆ, ಮೊದಲು ಎಲ್ಲೆಲ್ಲಿ ತಪ್ಪಬಹುದು ಎಂದು ತಿಳಿ ಎನ್ನುವ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಬಲವಾದ ಉದಾಹರಣೆಯೂ ಕಲ್ಯಾಣ್-ಡೊಂಬಿವಲಿಯದೇ. ಪಾಲಿಕೆಯ ಅನುಮತಿ ಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ, ಅವನ್ನು ಸಲ್ಲಿಸಿ ರಾಜ್ಯದ ರೇರಾ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಪಡೆದು, ಮನೆಗಳನ್ನು ಮಾರಿದ ಹಗರಣ ಅದು. 2024ರ ನವೆಂಬರಿನಲ್ಲಿ ಅಂಥ 65 ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟು ಆದೇಶಿಸಿದಾಗ ಸಾಲ ಮಾಡಿ ಅಲ್ಲಿ ಮನೆ ಕೊಂಡವರ ಪಾಡು ಏನಾಯಿತೆಂದು ಇಲ್ಲಿ ಎಲ್ಲರೂ ನೋಡಿದ್ದಾರೆ. ಆ ಪತ್ರಗಳಲ್ಲಿ ಅಸ್ಪಷ್ಟವಾದದ್ದು ಏನಿತ್ತು ಎಂದು ಕೇಳಬಹುದು. ನೋಂದಣಿ ಸಂಖ್ಯೆ ಇತ್ತು, ದಿನಾಂಕ ಇತ್ತು, ಮೊಹರು ಇತ್ತು, ಸುಳ್ಳು ಕೂಡ ಅಚ್ಚುಕಟ್ಟಾಗಿ ಬರಬಲ್ಲದು. ನಿಜ, ಸ್ಪಷ್ಟತೆ ಸತ್ಯಕ್ಕೆ ಖಾತರಿ ಕೊಡುವುದಿಲ್ಲ. ಅದು ಕೊಡುವುದು ಸುಳ್ಳನ್ನು ಹಿಡಿಯುವ ಅವಕಾಶವನ್ನು. ನಕಲಿ ಪತ್ರದಲ್ಲಿ ಇಂಥ ದಿನ ಇಂಥ ಪಾಲಿಕೆ ಇಂಥ ಅನುಮತಿ ಕೊಟ್ಟಿದೆ ಎಂದು ಬರೆದಿದ್ದರಿಂದಲೇ, ಪಾಲಿಕೆಯ ದಾಖಲೆ ತೆರೆದು ‘ಕೊಟ್ಟಿಲ್ಲ’ ಎಂದು ತೋರಿಸಲು ಸಾಧ್ಯವಾಯಿತು. ಒಬ್ಬ ವಾಸ್ತುಶಿಲ್ಪಿ ಅದನ್ನು ಹಿಡಿದುಕೊಂಡು ನ್ಯಾಯಾಲಯದ ಬಾಗಿಲಿಗೆ ಹೋಗಲು ಸಾಧ್ಯವಾಯಿತು. ‘ಎಲ್ಲ ಪರವಾನಗಿ ಆಗಿದೆ, ಚಿಂತೆ ಬೇಡ’ ಎಂಬ ಬಾಯಿಮಾತಿನ ಮೇಲೆ ಆ ಮನೆಗಳು ಮಾರಾಟವಾಗಿದ್ದರೆ ಯಾವ ನ್ಯಾಯಾಲಯ ಏನನ್ನು ತಾಳೆ ನೋಡಬೇಕಿತ್ತು? ಇಲ್ಲಿ ಸೋತದ್ದು ಕಾಗದದ ಭಾಷೆಗಿಂತ ಹೆಚ್ಚಾಗಿ ಪರಿಶೀಲನೆ. ತಾಳೆ ನೋಡಬಹುದಾದ ಮಾತನ್ನು ನೋಡಬೇಕಾದ ಹೊತ್ತಿಗೆ, ಮನೆ ಮಾರಾಟವಾಗುವ ಮೊದಲು, ಯಾರೂ ತಾಳೆ ನೋಡಲಿಲ್ಲ. 2023ರ ಆಗಸ್ಟಿನಿಂದ ಮಹಾರಾಷ್ಟ್ರದ ಗೃಹ ಯೋಜನೆಗಳ ಜಾಹೀರಾತಿನಲ್ಲಿ ಮಹಾರೇರಾದ ನೋಂದಣಿ ವಿವರ ತೋರಿಸುವ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಮೊಬೈಲಿಗೆ ತೋರಿಸಿ ಎರಡು ನಿಮಿಷ ಓದುವ ಕೆಲಸ ಕೊಳ್ಳುವವನದು, ಓದಿದ್ದು ನಿಜವಾಗಿರುವಂತೆ ನೋಡಿಕೊಳ್ಳುವ ಕೆಲಸ ಸರ್ಕಾರದ್ದು.

ಚದರಡಿಯಲ್ಲಿ ಹೋಗುವುದು ಹಣ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಅಸ್ಪಷ್ಟ ಮಾತಿಗೆ ಹೋದದ್ದು ಜೀವ. 2016ರ ಮೇ 26ರಂದು ಪ್ರೊಬೇಸ್ ಎಂಟರ್‌ಪ್ರೈಸಸ್ ಕಾರ್ಖಾನೆಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು, ದೂರದೂರದ ಮನೆಗಳ ಕಿಟಕಿಗಾಜು ಪುಡಿಯಾಯಿತು. ಆಗ ಕೇಳಿಬಂದ ವಾಕ್ಯ, ಅಪಾಯಕಾರಿ ಕಾರ್ಖಾನೆಗಳನ್ನು ಸ್ಥಳಾಂತರಿಸಲಾಗುವುದು. 2020ರ ಫೆಬ್ರುವರಿಯಲ್ಲಿ ಅಲ್ಲಿನ ರಸ್ತೆ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಮುಖ್ಯಮಂತ್ರಿಯೇ ಬಂದು ನೋಡಿದರು. 2024ರ ಮೇ 23ರಂದು, ಮೊದಲ ಸ್ಫೋಟಕ್ಕೆ ಎಂಟು ವರ್ಷ ತುಂಬಲು ಮೂರು ದಿನ ಇರುವಾಗ, ಅಮುದಾನ್ ಕೆಮಿಕಲ್ಸ್‌ನಲ್ಲಿ ಮತ್ತೆ ಸ್ಫೋಟವಾಯಿತು, ಮತ್ತೆ ಜನ ಸತ್ತರು, ಮತ್ತೆ ಅದೇ ವಾಕ್ಯ. ಆ ವಾಕ್ಯವನ್ನು ಒಂದು ಸಲ ನಿಧಾನವಾಗಿ ಓದಿ. ಸ್ಥಳಾಂತರಿಸುವವರು ಯಾರು ಎಂದು ಅದರಲ್ಲಿ ಇಲ್ಲ. ಯಾವ ಕಾರ್ಖಾನೆಗಳು, ಎಲ್ಲಿಗೆ, ಎಂದಿನೊಳಗೆ, ಯಾರ ಖರ್ಚಿನಲ್ಲಿ ಎಂದೂ ಇಲ್ಲ. ಇಂಥ ಕರ್ಮಣಿ ಪ್ರಯೋಗ ನಮ್ಮ ಆಡುಮಾತಿನಲ್ಲಿ ಅಪರೂಪ. ‘ನನ್ನಿಂದ ಚಹಾ ಕುಡಿಯಲಾಯಿತು’ ಎಂದು ಯಾರೂ ಹೇಳುವುದಿಲ್ಲ. ಕಚೇರಿಯ ಕನ್ನಡದಲ್ಲಿ, ಕಚೇರಿಯ ಮರಾಠಿಯಲ್ಲಿ ಅದು ತುಂಬಿ ತುಳುಕುತ್ತದೆ, ಏಕೆಂದರೆ ಮಾಡುವವನನ್ನು ವಾಕ್ಯದಿಂದ ಹೊರಗಿಡುವ ಅನುಕೂಲ ಅದಕ್ಕಿದೆ. ‘ಕೈಗಾರಿಕಾ ಇಲಾಖೆಯ ಇಂಥ ಹುದ್ದೆಯ ಅಧಿಕಾರಿ ಈ ಪಟ್ಟಿಯಲ್ಲಿರುವ ಕಾರ್ಖಾನೆಗಳನ್ನು ಇಂಥ ತಾರೀಕಿನೊಳಗೆ ಇಂಥಲ್ಲಿಗೆ ಒಯ್ಯುತ್ತಾರೆ’ ಎಂದು 2016ರಲ್ಲೇ ಬರೆದಿದ್ದರೆ, 2017ರಲ್ಲೇ ಅದು ಸುಳ್ಳಾಯಿತೆಂದು ಡೊಂಬಿವಲಿಯ ಯಾವ ನಾಗರಿಕನಾದರೂ ಹೇಳಬಹುದಿತ್ತು. ಹಾಗೆ ಹೇಳಿಸಿಕೊಳ್ಳುವ ಭಯವೇ ಕೆಲಸವನ್ನು ಮುಂದಕ್ಕೆ ತಳ್ಳುವ ಶಕ್ತಿ. ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ವಿಚಾರಣೆಯಲ್ಲೂ ಅವನು ಸಿಗುವುದಿಲ್ಲ.

ಅಧಿಕಾರಿಗಳ ಪರವಾಗಿ ಹೇಳಬಹುದಾದ ಮಾತೊಂದಿದೆ. ಅನಾಹುತದ ಹೊತ್ತಿನಲ್ಲಿ ಯಾರಿಗೂ ಪೂರ್ತಿ ತಿಳಿದಿರುವುದಿಲ್ಲ, ಆತುರದಲ್ಲಿ ಖಚಿತವಾಗಿ ಹೇಳಿ ತಪ್ಪುವುದಕ್ಕಿಂತ ಜಾಗರೂಕತೆಯಿಂದ ತೇಲಿಸಿ ಹೇಳುವುದು ಒಳ್ಳೆಯದಲ್ಲವೇ? ಇದಕ್ಕೂ 2024ರ ಸ್ಫೋಟವನ್ನೇ ನೋಡೋಣ. ಮೊದಲ ಸುದ್ದಿಗಳು ಸಿಡಿದದ್ದು ಬಾಯ್ಲರ್ ಎಂದವು. ಆಮೇಲೆ ಅದು ರಿಯಾಕ್ಟರ್ ಎಂದಾಯಿತು. ಮೊದಲ ಮಾತು ತಪ್ಪು, ಆದರೆ ಸ್ಪಷ್ಟವಾದ ತಪ್ಪು. ಬಾಯ್ಲರಿಗೆ ಬೇರೆ ಕಾಯಿದೆ, ಬೇರೆ ತಪಾಸಣಾ ಇಲಾಖೆ. ರಿಯಾಕ್ಟರಿನ ಪ್ರಶ್ನೆ ಬೇರೆ, ಅದರೊಳಗೆ ಏನು ಬೆರೆಸುತ್ತಿದ್ದರು, ಶಾಖ ಎಷ್ಟಿತ್ತು ಎಂಬುದು. ಹೆಸರಿಟ್ಟು ಹೇಳಿದ್ದರಿಂದ ತಿದ್ದಲು ಆಯಿತು, ತಿದ್ದಿದ್ದರಿಂದ ಯಾವ ಇಲಾಖೆಯನ್ನು ಕೇಳಬೇಕು ಎಂಬುದು ನಿಚ್ಚಳವಾಯಿತು. ‘ದುರದೃಷ್ಟಕರ ಘಟನೆ’ ಎಂದಷ್ಟೇ ಹೇಳಿದ್ದರೆ ತಿದ್ದಲು ಏನೂ ಇರುತ್ತಿರಲಿಲ್ಲ. ತಿಳಿಯದಿದ್ದಾಗ ಇಂಥದು ತಿಳಿದಿದೆ, ಇಂಥದು ತಿಳಿದಿಲ್ಲ, ನಾಳೆ ಸಂಜೆ ಆರಕ್ಕೆ ಮತ್ತೆ ಹೇಳುತ್ತೇವೆ ಎನ್ನುವುದೂ ಪೂರ್ತಿ ಸ್ಪಷ್ಟವಾದ ಮಾತೇ. ಅಜ್ಞಾನವನ್ನು ಗಡಿ ಗುರುತಿಸಿ ಹೇಳಬಹುದು. ಜಾಗರೂಕತೆಯ ಹೆಸರಿನಲ್ಲಿ ನಡೆಯುವುದು ಬಹುಮಟ್ಟಿಗೆ ಆ ಗಡಿಯನ್ನು ಮುಚ್ಚುವ ಕೆಲಸ.

ಸಾಹಿತ್ಯದವರ ಆಕ್ಷೇಪ ಇನ್ನೊಂದು: ಬದುಕಿನಲ್ಲಿ ಬಹುಪಾಲು ಮಬ್ಬೇ ಇರುವಾಗ ಮಾತು ಮಾತ್ರ ಹೀಗೆ ಗೆರೆ ಕೊರೆದಂತೆ ಇರಬೇಕೇ? ಮುಂಬಯಿಯಲ್ಲಿ ಕೂತು ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ (1979) ಇದಕ್ಕೆ ಉತ್ತರವಾಗಿ ನಿಲ್ಲುತ್ತದೆ. ರಾಸಾಯನಿಕ ಕಂಪನಿಯ ಅಧಿಕಾರಿ ನಾಗಪ್ಪ ಕೆಲಸದಿಂದ ಸಸ್ಪೆಂಡ್ ಆಗುತ್ತಾನೆ, ಆದರೆ ತನ್ನ ಮೇಲಿನ ಆರೋಪ ಏನೆಂದೇ ಅವನಿಗೆ ತಿಳಿದಿಲ್ಲ. ಇಡೀ ಕಾದಂಬರಿಯ ಭಯ ಹುಟ್ಟುವುದು ಆ ತಿಳಿಯದಿರುವಿಕೆಯಿಂದ. ಸ್ವತಃ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿದ್ದ ಚಿತ್ತಾಲರು ಆ ಮಂಜನ್ನು ಚಿತ್ರಿಸಲು ಮಂಜಾದ ವಾಕ್ಯಗಳನ್ನು ಬರೆಯಲಿಲ್ಲ. ನಾಗಪ್ಪನ ಸಂಶಯ ಯಾವ ಮಾತಿನಿಂದ ಹುಟ್ಟಿತು, ಯಾವ ಮುಖದ ಮೇಲೆ ಹೋಗಿ ಕೂತಿತು ಎಂಬುದನ್ನು ಬಿಡಿಸಿ ಬಿಡಿಸಿ ಇಟ್ಟರು. ಅಸ್ಪಷ್ಟ ಆರೋಪ ಮನುಷ್ಯನನ್ನು ಹೇಗೆ ಬೇಟೆಯ ಪ್ರಾಣಿಯಾಗಿಸುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನು ಕಾಣೆ. ಕವಿತೆಯ ಒಂದು ಸಾಲಿಗೆ ಹತ್ತು ಅರ್ಥವಿರಲಿ, ಅದು ಸಂಪತ್ತು. ನೋಟಿಸಿನ ಒಂದು ಸಾಲಿಗೆ ಎರಡು ಅರ್ಥವಿದ್ದರೆ ಅದರ ಭಾರ ನಾಗಪ್ಪನಂಥವರ ತಲೆಯ ಮೇಲೆ ಬೀಳುತ್ತದೆ.

ಹಾಗಿದ್ದರೆ ಘೋಷಣೆಗಳ ವಿಷಯವೇನು, ಅವು ಬಹಳ ಸ್ಪಷ್ಟವಾಗಿರುತ್ತವಲ್ಲ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ದಕ್ಷಿಣದವರು ನಮ್ಮ ನೌಕರಿ ಕಿತ್ತುಕೊಂಡರು ಎಂಬ ಕೂಗಿಗೆ ಟಿಪ್ಪಣಿಯೇ ಬೇಕಾಗಿರಲಿಲ್ಲ. ಅದೇ ಪಾಳಯದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನೇ ಅಚ್ಚು ಮಾಡುತ್ತಿತ್ತು. ಮರುವರ್ಷ ಥಾಣೆ ಪುರಸಭೆಯೇ ಆ ಪಕ್ಷ ಗೆದ್ದ ಮೊದಲ ಪುರಸಭೆಯಾಯಿತು. ಆ ಕಾಲದ ಕನ್ನಡ, ತುಳು ಕುಟುಂಬಗಳು ಆ ಕೂಗಿನ ಬಿಸಿ ಅನುಭವಿಸಿವೆ. ಪಟ್ಟಿಯಲ್ಲಿದ್ದ ಹೆಸರುಗಳು ನಿಜವಿರಬಹುದು, ತಾಳೆ ನೋಡಬಹುದಾದ ಭಾಗ ಅದಷ್ಟೇ. ಆದರೆ ‘ಹೊರಗಿನವರು’ ಎಂದರೆ ಎಂದಿನಿಂದ ಬಂದವರು, ಹೊಟೇಲು ತೆರೆದು ನಾಲ್ಕು ಜನಕ್ಕೆ ಕೆಲಸ ಕೊಟ್ಟವನನ್ನು ಯಾವ ಕಡೆಗೆ ಲೆಕ್ಕ ಹಾಕುವುದು, ಅವನು ಬಾರದಿದ್ದರೆ ಆ ಕೆಲಸ ಇರುತ್ತಿತ್ತೇ ಎಂದು ಕೇಳಿದೊಡನೆ ಕೂಗು ಉತ್ತರ ಕೊಡುವುದನ್ನು ನಿಲ್ಲಿಸಿ ದನಿ ಏರಿಸುತ್ತದೆ. ಆಗರಿ, ಕೋಳಿ ಸಮುದಾಯಗಳನ್ನು ಬಿಟ್ಟರೆ ಇಂದಿನ ಡೊಂಬಿವಲಿಯ ಬಹುಪಾಲು ಜನ, ಮರಾಠಿ ಮಾತಾಡುವವರನ್ನೂ ಸೇರಿಸಿ, ಎಲ್ಲಿಂದಲೋ ಬಂದವರೇ. ನಮ್ಮ ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ ಇಂಥದೇ ಕೂಗು ಎದ್ದಾಗಲೂ ಇದೇ ಪ್ರಶ್ನೆಗಳನ್ನು ಕೇಳುವ ಧೈರ್ಯ ನಮಗಿರಬೇಕು. ಘೋಷಣೆಗೆ ಇರುವುದು ಜೋರು. ಅದನ್ನು ಸ್ಪಷ್ಟತೆ ಎಂದು ತಿಳಿದಾಗಲೆಲ್ಲ ಪೆಟ್ಟು ತಿಂದವರು ದುರ್ಬಲರೇ.

ಇನ್ನು ನಮ್ಮ ಒಳಗಿನ ಮಾತು, ದಾಕ್ಷಿಣ್ಯ. ‘ನೋಡೋಣ’ ಎಂಬ ಉತ್ತರದಿಂದ ನಾವು ಎಷ್ಟೋ ಸಂಬಂಧಗಳನ್ನು ಕಾಪಾಡಿಕೊಂಡಿದ್ದೇವೆ. ಮದುವೆಯ ಪ್ರಸ್ತಾಪಕ್ಕೆ, ಕೈಗಡಕ್ಕೆ, ಊಟದ ಕರೆಗೆ ಈ ಮಸುಕು ಸೌಜನ್ಯ, ಇರಲಿ. ಆದರೆ ಥಾಣೆಯಿಂದ ಪನ್ವೇಲಿನವರೆಗೆ ಕನ್ನಡ ಸಂಘಗಳ ವಾರ್ಷಿಕ ಸಭೆಗಳಲ್ಲಿ ‘ಮುಂದಿನ ಪೀಳಿಗೆಗೆ ಕನ್ನಡ ತಲುಪಿಸಬೇಕು’ ಎಂಬ ಠರಾವು ಚಪ್ಪಾಳೆಯೊಂದಿಗೆ ಪಾಸಾಗುತ್ತದೆ, ಮುಂದಿನ ವರ್ಷವೂ ಹಾಗೆಯೇ ಪಾಸಾಗುತ್ತದೆ. ಯಾರೂ ಅದನ್ನು ವಿರೋಧಿಸುವುದಿಲ್ಲ, ಏಕೆಂದರೆ ಅದರಲ್ಲಿ ವಿರೋಧಿಸಲು ಏನೂ ಇಲ್ಲ. ಬರುವ ಜೂನಿನೊಳಗೆ ಇಂಥ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಇಪ್ಪತ್ತು ಮಕ್ಕಳ ತರಗತಿ, ಕಲಿಸುವವರು ಇವರು, ಜಾಗ ಇವರದು, ವರ್ಷದ ಕೊನೆಗೆ ಮಕ್ಕಳು ಒಂದು ಪುಟ ತಾವಾಗಿ ಓದಬೇಕು ಎಂದು ಯಾರಾದರೂ ಠರಾವು ತಂದರೆ ಸಭೆಯಲ್ಲಿ ಒಮ್ಮೆಲೇ ಜಗಳ ಏಳುತ್ತದೆ: ಇಪ್ಪತ್ತು ಮಕ್ಕಳು ಎಲ್ಲಿದ್ದಾರೆ, ಭಾನುವಾರ ಟ್ಯೂಷನ್ ಇದೆ, ಮನೆಯಲ್ಲಿ ತುಳು ಆಡುವವರಿಗೆ ಕನ್ನಡ ಯಾಕೆ. ನನಗೆ ಆ ಜಗಳ ಬೇಕು. ಭಿನ್ನಾಭಿಪ್ರಾಯವನ್ನು ಹೊರಗೆ ತರುವುದೇ ಸ್ಪಷ್ಟ ಮಾತು ಮಾಡುವ ಮೊದಲ ಉಪಕಾರ. ಒಮ್ಮತದ ಮುಸುಕಿನಲ್ಲಿ ಒಂದೊಂದೇ ತರಗತಿ ಮುಚ್ಚುವುದಕ್ಕಿಂತ ಅದು ಮೇಲು. ಮನೆಯಲ್ಲೊಂದು, ಸಂತೆಯಲ್ಲೊಂದು, ಕಾಗದದಲ್ಲೊಂದು ಭಾಷೆಯಾದ್ದರಿಂದ ನಮ್ಮ ಯೋ‍ಚನೆ ಕಲಸಿಹೋಗಿದೆ ಎಂದು ಕೊರಗುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬೆರಕೆ ಮಾತಿನಲ್ಲೂ ತಾರೀಕು, ಮೊತ್ತ, ಹೆಸರು ಹೇಳಬಹುದು, ಅಚ್ಚಗನ್ನಡದಲ್ಲೂ ನುಣುಚಿಕೊಳ್ಳಬಹುದು.

ಮತ್ತೆ ಎಂಐಡಿಸಿಯ ಮಾತಿಗೆ ಬರಬೇಕು, ಏಕೆಂದರೆ ಅಲ್ಲಿ ಕೇಳಬೇಕಾದ್ದು ಇನ್ನೂ ಬಾಕಿ ಇದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಜನಕ್ಕೆ ತಮ್ಮ ಪಕ್ಕದ ಕಾರ್ಖಾನೆಯ ಟ್ಯಾಂಕಿನಲ್ಲಿ ಏನಿದೆ, ಅದು ಸೋರಿದರೆ ಓಡಬೇಕೋ ಒದ್ದೆ ಬಟ್ಟೆ ಮುಖಕ್ಕೆ ಒತ್ತಿ ನಿಲ್ಲಬೇಕೋ ಎಂದು ಯಾರೂ ಹೇಳಿರಲಿಲ್ಲ. ಆ ಸಾವುಗಳ ನಂತರ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ 41ಬಿ ಎಂಬ ಕಲಮು ಸೇರಿತು. ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಯವರು ಅದರ ಅಪಾಯಗಳನ್ನೂ ಅವನ್ನು ತಡೆಯುವ ಕ್ರಮಗಳನ್ನೂ ಕೆಲಸಗಾರರಿಗೆ, ಇನ್ಸ್‌ಪೆಕ್ಟರಿಗೆ, ಸ್ಥಳೀಯ ಸಂಸ್ಥೆಗೆ ಮಾತ್ರವಲ್ಲ, ಸುತ್ತಲಿನ ಸಾರ್ವಜನಿಕರಿಗೂ ತಿಳಿಸಲೇಬೇಕು ಎಂದು ಅದು ವಿಧಿಸಿತು. ಡೊಂಬಿವಲಿಯ ಎರಡೂ ಸ್ಫೋಟಗಳ ದಿನ ಆ ಕಲಮು ಜಾರಿಯಲ್ಲಿತ್ತು. ಎಂಐಡಿಸಿಯ ಬೇಲಿಯಾಚೆ ಇರುವ ಪ್ರತಿಯೊಂದು ಹೌಸಿಂಗ್ ಸೊಸೈಟಿ ಪಾಲಿಕೆಗೂ ಕಾರ್ಖಾನೆ ಸುರಕ್ಷಾ ಇಲಾಖೆಗೂ ಬರೆದು ಕೇಳಬಹುದಾದ ಮಾಹಿತಿ ಇದು: ನಮ್ಮ ಗೋಡೆಯಿಂದ ಐನೂರು ಮೀಟರಿನೊಳಗೆ ಯಾವ ರಾಸಾಯನಿಕ ಎಷ್ಟು ಟನ್ ಇದೆ, ಕೊನೆಯ ತಪಾಸಣೆ ಯಾವ ತಾರೀಕಿನಂದು ಆಯಿತು, ಮಾಡಿದ ಅಧಿಕಾರಿಯ ಹುದ್ದೆ ಯಾವುದು, ಸೈರನ್ ಕೂಗಿದರೆ ನಾವು ಯಾವ ದಿಕ್ಕಿಗೆ ಹೋಗಬೇಕು. ಮರಾಠಿಯಲ್ಲಿ ಬರೆಯಲಿ, ಕೆಳಗೆ ಕನ್ನಡ, ತಮಿಳು, ಗುಜರಾತಿ ಬಲ್ಲವರೆಲ್ಲ ತಮ್ಮ ತಮ್ಮ ಲಿಪಿಯಲ್ಲಿ ಸಹಿ ಹಾಕಲಿ. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಉತ್ತರ ಬಂದರೆ, ಯಾವ ಕ್ರಮ, ಯಾರು, ಯಾವಾಗ ಎಂದು ಬರೆದು ಅದೇ ವಾರ ವಾಪಸು ಕಳುಹಿಸಲಿ.